ಗೇರುಗುಡ್ಡೆಯ ಕೆಳಗಿನಿಂದ ಎಣ್ಣೆಮರಳಿನ ಊರಿಗೆ

ನಿಮ್ಮ ಪತ್ರ ತಲುಪಿತು. ಅಬುಧಾಬಿಯಲ್ಲಿ ಆರು ವರ್ಷ ತೈಲ ಘಟಕಗಳ ಯಂತ್ರ ದುರಸ್ತಿಯಲ್ಲಿ ಕಳೆದ ನಿಮಗೆ ಕೆನಡಾದ ಆಲ್ಬರ್ಟಾ ಪ್ರಾಂತದ ಫೋರ್ಟ್ ಮೆಕ್‌ಮರಿಯಲ್ಲಿ ಕೆಲಸ ಸಿಗುವ ಸೂಚನೆ ಕಂಡಿದೆಯೆಂದು ಬರೆದಿದ್ದೀರಿ. ಎಷ್ಟು ಉಳಿಸಬಹುದು, ಅಲ್ಲಿಯ ನೀರು ಮತ್ತು ಗಾಳಿ ಕೆಟ್ಟಿದೆಯೆಂಬ ಮಾತು ನಿಜವೇ, ಹೆಂಡತಿಯನ್ನೂ ನಾಲ್ಕು ವರ್ಷದ ಮಗಳನ್ನೂ ಕರೆತರಬಹುದೇ ಎಂದು ಕೇಳಿದ್ದೀರಿ. ಕೊನೆಯ ಸಾಲಿನಲ್ಲಿ, ಕಾಸರಗೋಡು ಜಿಲ್ಲೆಯ ವಾಣೀನಗರದ ಮನೆಯಲ್ಲಿರುವ ನಿಮ್ಮ ತಾಯಿಯವರು ‘ಗೇರಿಗೆ ವಿಷದ ಮದ್ದು ಬಿಟ್ಟ ಗುಡ್ಡೆಯ ಬುಡದಲ್ಲಿ ಹುಟ್ಟಿದವನು ಮತ್ತೆ ಅಂಥದೇ ಊರು ಹುಡುಕಿಕೊಂಡು ಹೋಗುವುದೇ’ ಎಂದು ಕೇಳಿದ್ದನ್ನು ಸಂಕೋಚದಿಂದಲೇ ಸೇರಿಸಿದ್ದೀರಿ. ಸಂಕೋಚ ಬೇಕಿರಲಿಲ್ಲ. ನಾನೂ ಅದೇ ಕಡೆಯ ಪೆರ್ಲದ ಸಮೀಪದವನು. ಫೋರ್ಟ್ ಮೆಕ್‌ಮರಿಗೆ ಬಂದು ಹದಿನೆಂಟು ವರ್ಷಗಳಾದವು. ಅವರ ಪ್ರಶ್ನೆಯನ್ನು ಬಿಟ್ಟು ಉಳಿದ ಮೂರಕ್ಕೆ ಉತ್ತರ ಬರೆದರೆ ಅದು ಅರ್ಧ ಉತ್ತರವಾಗುತ್ತದೆ.

ಮೊದಲು ಹಣದ ಮಾತು. 2016ರ ಜನಗಣತಿಯ ಪ್ರಕಾರ ಈ ಊರು ಸೇರಿರುವ ವುಡ್ ಬಫೆಲೋ ಪ್ರದೇಶದಲ್ಲಿ ಆದಾಯದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ಬರುವ ಕುಟುಂಬದ ವಾರ್ಷಿಕ ಆದಾಯ ಸುಮಾರು 1,95,000 ಡಾಲರ್ ಇತ್ತು; ಅದೇ ವೇಳೆ ಇಡೀ ಕೆನಡಾದ್ದು ಸುಮಾರು 70,000. ಆಲ್ಬರ್ಟಾದಲ್ಲಿ ಪ್ರಾಂತದ ಮಾರಾಟ ತೆರಿಗೆಯಿಲ್ಲ, ಕೇಂದ್ರದ 5 ಶೇಕಡಾ ಮಾತ್ರ. ಗಣಿಯ ಶಿಬಿರದಲ್ಲಿ ಎರಡು ವಾರ ದುಡಿದು ಒಂದು ವಾರ ರಜೆಯೆಂಬ ಪಾಳಿ ಸಿಕ್ಕಿದರೆ ದುಡಿಯುವ ದಿನಗಳಲ್ಲಿ ಊಟ ಮತ್ತು ವಸತಿಯ ಖರ್ಚು ಸಾಮಾನ್ಯವಾಗಿ ಕಂಪನಿಯದು. ಕೊಲ್ಲಿಗೂ ಇಲ್ಲಿಗೂ ಇರುವ ದೊಡ್ಡ ವ್ಯತ್ಯಾಸ ಸಂಬಳದಲ್ಲಿಲ್ಲ: ಅಲ್ಲಿ ಕೆಲಸ ಹೋದರೆ ವೀಸಾವೂ ಹೋಗುತ್ತದೆ, ಇಲ್ಲಿ ಖಾಯಂ ವಾಸದ ಪರವಾನಗಿ ಕೈಗೆ ಬಂದ ಮೇಲೆ ಕೆಲಸ ಹೋದರೂ ಮನೆ ಬಿಡಬೇಕಾಗಿಲ್ಲ, ಮಗಳ ಶಾಲೆಯೂ ಆಸ್ಪತ್ರೆಯ ಚಿಕಿತ್ಸೆಯೂ ತೆರಿಗೆಯ ಹಣದಲ್ಲೇ ನಡೆಯುತ್ತವೆ.

ಆದರೆ ಈ ಹಣಕ್ಕೆ ಅಡಿಕೆಯ ಧಾರಣೆಯ ಗುಣವಿದೆ. ಧಾರಣೆ ಏರಿದ ವರ್ಷ ಜೀಪು ಕೊಂಡು, ಇಳಿದ ವರ್ಷ ಅದರ ಕಂತು ಕಟ್ಟಲಾರದೆ ಹೋದವರನ್ನು ನೀವೂ ಕಂಡಿದ್ದೀರಿ. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ಕಚ್ಚಾ ತೈಲ 2016ರ ಆರಂಭದಲ್ಲಿ 30ಕ್ಕಿಂತ ಕೆಳಗಿಳಿಯಿತು. 2020ರ ಏಪ್ರಿಲ್‌ನ ಒಂದು ದಿನ ಅಮೆರಿಕದ ಮಾರುಕಟ್ಟೆಯಲ್ಲಿ ಅದು ಸೊನ್ನೆಯನ್ನೂ ದಾಟಿ ಋಣ 37 ಡಾಲರ್‌ಗೆ ಬಂತು. ನಾನು ದುಡಿಯುತ್ತಿದ್ದ ಗುತ್ತಿಗೆ ಸಂಸ್ಥೆ 2015ರ ಒಂದು ಗುರುವಾರ ನಮ್ಮ ತಂಡದ ಅರ್ಧ ಮಂದಿಯನ್ನು ಮಧ್ಯಾಹ್ನದ ಊಟದ ಮೊದಲೇ ಮನೆಗೆ ಕಳುಹಿಸಿತು. ಆಗ ನನ್ನ ಮೇಲಿದ್ದ ಸಾಲ, ಊರಿನ ಮನೆಗಳ ಸರಾಸರಿ ಬೆಲೆ ಏಳು ಲಕ್ಷ ಡಾಲರ್‌ಗೂ ಮೀರಿದ್ದ ಕಾಲದಲ್ಲಿ ಕೊಂಡ ಮನೆಯದು. ಹನ್ನೊಂದು ತಿಂಗಳು ಉಳಿತಾಯವನ್ನು ಕರಗಿಸಿ ಬದುಕಿದೆವು. ಆದ್ದರಿಂದ ಎಷ್ಟು ಉಳಿಸಬಹುದೆಂಬುದಕ್ಕೆ ನನ್ನಲ್ಲಿ ಒಂದು ಸಂಖ್ಯೆಯಿಲ್ಲ. ಬಂದ ಕೂಡಲೇ ಮನೆ ಕೊಳ್ಳದಿದ್ದರೆ ಚೆನ್ನಾಗಿ ಉಳಿಯುತ್ತದೆ ಎಂದಷ್ಟೇ ಹೇಳಬಲ್ಲೆ.

ನೀವು ಕಂಡ ಎಣ್ಣೆ ಬಾವಿ ಕೊರೆದರೆ ಹರಿದು ಬರುವಂಥದ್ದು. ಇಲ್ಲಿಯದು ಹಾಗಲ್ಲ. ಅಥಬಾಸ್ಕಾ ನದಿಯ ಎರಡೂ ದಂಡೆಗಳಲ್ಲಿ, ಕಾಡಿನ ಮತ್ತು ಜೌಗಿನ ಕೆಳಗೆ, ಡಾಮರಿನಂಥ ಬಿಟುಮೆನ್ ಮರಳಿಗೆ ಅಂಟಿಕೊಂಡು ಕುಳಿತಿದೆ. ಬಿಸಿನೀರಿನಲ್ಲಿ ಕಲಕಿ ಮರಳನ್ನೂ ಡಾಮರನ್ನೂ ಬೇರ್ಪಡಿಸುವ ವಿಧಾನವನ್ನು ಕಾರ್ಲ್ ಕ್ಲಾರ್ಕ್ ಎಂಬ ವಿಜ್ಞಾನಿ 1920ರ ದಶಕದಲ್ಲೇ ರೂಪಿಸಿದ್ದರೂ ದೊಡ್ಡ ಪ್ರಮಾಣದ ಗಣಿ ಆರಂಭವಾದದ್ದು 1967ರಲ್ಲಿ. ಒಂದು ಬ್ಯಾರೆಲ್, ಎಂದರೆ 159 ಲೀಟರ್ ಎಣ್ಣೆಗೆ ಸುಮಾರು ಎರಡು ಟನ್ ಮರಳನ್ನು ಅಗೆಯಬೇಕು. ಅದಕ್ಕೂ ಮೊದಲು ಮೇಲಿನ ಕಾಡನ್ನು ಕಡಿದು, ಜೌಗಿನ ನೀರನ್ನು ಬಸಿದು, ಮಣ್ಣನ್ನು ಪಕ್ಕಕ್ಕೆ ಸರಿಸಬೇಕು. ನಾನು ದುರಸ್ತಿ ಮಾಡುವ ಲಾರಿಗಳು ಒಂದು ಬಾರಿಗೆ ಸುಮಾರು 360 ಟನ್ ಹೊರುತ್ತವೆ. ಅವುಗಳ ಚಕ್ರದ ಪಕ್ಕದಲ್ಲಿ ನಿಂತರೆ ನನ್ನ ತಲೆ ಅದರ ನಡುವಿನವರೆಗಷ್ಟೇ ಬರುತ್ತದೆ.

ಹೀಗೆ ಮೇಲಿಂದ ಅಗೆದು ತೆಗೆಯಬಹುದಾದದ್ದು ಇಡೀ ನಿಕ್ಷೇಪದ ಐದನೆಯ ಒಂದು ಪಾಲು ಮಾತ್ರ. ಉಳಿದದ್ದನ್ನು ತೆಗೆಯುವ ಕ್ರಮವನ್ನು ನನ್ನ ತಂದೆಯವರಿಗೆ ಫೋನಿನಲ್ಲಿ ವಿವರಿಸುತ್ತಿದ್ದಾಗ ಅವರು ‘ಹಾಗಾದರೆ ಅದು ಸುರಂಗವೇ’ ಎಂದರು. ಒಂದು ರೀತಿಯಲ್ಲಿ ಹೌದು. ನಮ್ಮವರು ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೊರೆದು ಒಸರುವ ನೀರನ್ನು ಅಂಗಳಕ್ಕೆ ತರುವಂತೆ, ಇಲ್ಲಿ ನೂರಾರು ಮೀಟರ್ ಆಳದಲ್ಲಿ ಒಂದರ ಮೇಲೊಂದರಂತೆ ಎರಡು ಅಡ್ಡ ಕೊಳವೆಗಳನ್ನು ಕೊರೆಯುತ್ತಾರೆ. ಮೇಲಿನದರಿಂದ ಬಿಸಿ ಹಬೆಯನ್ನು ನುಗ್ಗಿಸಿದಾಗ ಡಾಮರು ಕರಗಿ ಕೆಳಗಿನ ಕೊಳವೆಗೆ ಇಳಿಯುತ್ತದೆ. ವ್ಯತ್ಯಾಸವೇನೆಂದರೆ ಸುರಂಗದ ನೀರು ತಾನಾಗಿ ಹರಿದು ಬರುತ್ತದೆ. ಇಲ್ಲಿಯ ಹಬೆಗೆ ಹಗಲೂ ರಾತ್ರಿಯೂ ನೈಸರ್ಗಿಕ ಅನಿಲವನ್ನು ಉರಿಸಬೇಕು. ಇಡೀ ಕೆನಡಾ ಹೊರಬಿಡುವ ಹಸಿರುಮನೆ ಅನಿಲಗಳಲ್ಲಿ ಹತ್ತನೆಯ ಒಂದು ಪಾಲಿಗೂ ಹೆಚ್ಚು ಈ ಎಣ್ಣೆಮರಳಿನದೇ ಆಗಿರುವುದಕ್ಕೆ ಇದು ಮುಖ್ಯ ಕಾರಣ.

ಮರಳು ತೊಳೆದ ನೀರು ಎಲ್ಲಿಗೆ ಹೋಗುತ್ತದೆಂದು ನೀವು ಕೇಳಿಲ್ಲ, ಆದರೆ ಎಲ್ಲವೂ ಇರುವುದು ಅಲ್ಲಿಯೇ. ಅದು ಎಲ್ಲಿಗೂ ಹೋಗುವುದಿಲ್ಲ. ಜೇಡಿ, ಉಳಿದ ಡಾಮರು ಮತ್ತು ಮೀನಿಗೆ ವಿಷವಾಗುವ ನಾಫ್ಥೆನಿಕ್ ಆಮ್ಲಗಳು ಬೆರೆತ ಆ ನೀರನ್ನು ಏರಿ ಕಟ್ಟಿದ ಕೆರೆಗಳಲ್ಲಿ ನಿಲ್ಲಿಸಿದ್ದಾರೆ. ಹೀಗೆ ನಿಂತ ಕೆಸರುನೀರು ಈಗ 100 ಕೋಟಿ ಘನ ಮೀಟರ್‌ಗೂ ಹೆಚ್ಚು. ನಯವಾದ ಜೇಡಿ ತಳಕ್ಕೆ ಕೂರಲು ದಶಕಗಳೇ ಬೇಕು. ಚಳಿಗಾಲದಲ್ಲೂ ಹೆಪ್ಪುಗಟ್ಟದ ಈ ಕೆರೆಗಳು ಮೇಲಿನಿಂದ ಹಾರುವ ಹಕ್ಕಿಗಳಿಗೆ ಒಳ್ಳೆಯ ತಂಗುದಾಣವಾಗಿ ಕಾಣುತ್ತವೆ. 2008ರ ಏಪ್ರಿಲ್‌ನಲ್ಲಿ ಅಂಥ ಒಂದು ಕೆರೆಗೆ ಇಳಿದ ಸುಮಾರು 1,600 ಬಾತುಗಳು ರೆಕ್ಕೆಗೆ ಡಾಮರು ಮೆತ್ತಿಕೊಂಡು ಸತ್ತವು. ಕಂಪನಿಗೆ 30 ಲಕ್ಷ ಡಾಲರ್ ದಂಡ ಬಿತ್ತು. ಕೆರೆಯ ಸುತ್ತ ಬೆರ್ಚಪ್ಪಗಳನ್ನು ನಿಲ್ಲಿಸಿದ್ದಾರೆ, ಅನಿಲದ ತೋಪುಗಳು ಗಳಿಗೆಗೊಮ್ಮೆ ಸಿಡಿಯುತ್ತವೆ. ನಾನು ಬಂದ ಮೊದಲ ವಾರ ಆ ಸದ್ದು ಕೇಳಿ, ಯಾವುದೋ ಜಾತ್ರೆಯ ಗರ್ನಾಲೆಂದು ಅರೆನಿದ್ದೆಯಲ್ಲಿ ಎದ್ದು ಕುಳಿತಿದ್ದೆ.

ಕೆರೆ ಸೋರುವುದೂ ಇದೆ. 2022ರ ಮೇ ತಿಂಗಳಲ್ಲಿ ಒಂದು ಗಣಿಯ ಅಂಚಿನಲ್ಲಿ ಬಣ್ಣಗೆಟ್ಟ ನೀರು ಒಸರುತ್ತಿರುವುದು ಕಂಡುಬಂದಿತ್ತು. ಕೆಳಹರಿವಿನ ಮೂಲನಿವಾಸಿಗಳಿಗೆ ಅದರ ಪೂರ್ಣ ವಿಷಯ ತಿಳಿದದ್ದು ಒಂಬತ್ತು ತಿಂಗಳ ಅನಂತರ, 2023ರ ಫೆಬ್ರವರಿಯಲ್ಲಿ ಅದೇ ಗಣಿಯ ಇನ್ನೊಂದು ಹೊಂಡ ಉಕ್ಕಿ 53 ಲಕ್ಷ ಲೀಟರ್ ಕೊಳೆನೀರು ಹೊರಗೆ ಹರಿದಾಗ.

ಆ ಕೆಳಹರಿವಿನ ಊರಿನ ಹೆಸರು ಫೋರ್ಟ್ ಚಿಪೆವಾಯನ್. ಅಥಬಾಸ್ಕಾ ಉತ್ತರಕ್ಕೆ ಹರಿಯುವ ನದಿ. ನಾವು ವಾಸಿಸುವ ಪೇಟೆ ಮೊದಲು ಸಿಗುತ್ತದೆ, ಆಮೇಲೆ ಗಣಿಗಳು, ಅಲ್ಲಿಂದಲೂ ಬಹಳ ದೂರ ಹೋದ ಮೇಲೆ ಈ ಹಳ್ಳಿ. ಹಿಮಗಾಲದಲ್ಲಿ ಮಾತ್ರ ರಸ್ತೆಯಿರುವ, ಉಳಿದಂತೆ ವಿಮಾನ ಅಥವಾ ದೋಣಿಯಲ್ಲೇ ತಲುಪಬೇಕಾದ ಹಳ್ಳಿ. ಮೀನು, ಬಾತು ಮತ್ತು ಮೂಸ್ ಎಂಬ ದೊಡ್ಡ ಕಡವೆಯ ಬೇಟೆಯಿಂದ ಬದುಕಿದ ಕ್ರೀ, ಡೆನೆ ಮತ್ತು ಮೆಟಿ ಜನರು ಅಲ್ಲಿದ್ದಾರೆ. 2006ರಲ್ಲಿ ಆ ಹಳ್ಳಿಗೆ ವಿಮಾನದಲ್ಲಿ ಹೋಗಿ ಬರುತ್ತಿದ್ದ ವೈದ್ಯ ಜಾನ್ ಓಕಾನರ್, ಪಿತ್ತನಾಳದ ಅಪರೂಪದ ಕ್ಯಾನ್ಸರ್ ಇಷ್ಟು ಸಣ್ಣ ಊರಿನಲ್ಲಿ ಕಾಣಿಸಿಕೊಳ್ಳುತ್ತಿರುವುದೇಕೆ ಎಂದು ಬಹಿರಂಗವಾಗಿ ಕೇಳಿದರು. ಜನರನ್ನು ಅನಗತ್ಯವಾಗಿ ಹೆದರಿಸುತ್ತಿದ್ದಾರೆಂದು ಸರ್ಕಾರದ ವೈದ್ಯರೇ ಅವರ ಮೇಲೆ ದೂರು ಕೊಟ್ಟರು. ಆ ದೂರಿನಿಂದ ಅವರು ಪೂರ್ತಿ ಮುಕ್ತರಾದದ್ದು 2009ರಲ್ಲಿ. ಅದೇ ವರ್ಷ ಪ್ರಾಂತದ ಕ್ಯಾನ್ಸರ್ ಮಂಡಳಿಯ ಅಧ್ಯಯನ ಹೇಳಿದ್ದು ಇಷ್ಟು: ಹನ್ನೆರಡು ವರ್ಷಗಳಲ್ಲಿ 39 ಪ್ರಕರಣಗಳು ನಿರೀಕ್ಷಿತವಾಗಿದ್ದ ಕಡೆ 47 ಮಂದಿಯಲ್ಲಿ 51 ಪ್ರಕರಣಗಳಿದ್ದವು, ಆದರೆ ಪಿತ್ತನಾಳದ ಕ್ಯಾನ್ಸರ್ ನಿರೀಕ್ಷೆಯ ಮಿತಿಯೊಳಗೇ ಇತ್ತು. ಗಣಿಯಿಂದಲೇ ಎಂದು ಸಾಬೀತಾಗಲಿಲ್ಲ, ಅನುಮಾನವೂ ಹೋಗಲಿಲ್ಲ.

ಇದನ್ನು ಓದುವಾಗ ನಿಮಗೆ ವಾಣೀನಗರವಿರುವ ನಮ್ಮ ಪಡ್ರೆ ಗ್ರಾಮ ನೆನಪಾಗದೆ ಇರದು. 1970ರ ದಶಕದ ಕೊನೆಯಿಂದ 2000ದವರೆಗೆ ಸರ್ಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಗುಡ್ಡೆಯ ತಲೆಯಲ್ಲಿ ತೋಟ, ಬುಡದಲ್ಲಿ ನಮ್ಮ ತೋಡು, ಸುರಂಗ, ಬಾವಿ. ಅಲ್ಲಿಯೂ ಊರಿನ ರೋಗಿಗಳ ಲೆಕ್ಕವನ್ನು ಮೊದಲು ಬರೆದಿಟ್ಟವರು ಒಬ್ಬ ಹಳ್ಳಿಯ ವೈದ್ಯರು, ಡಾ. ವೈ. ಎಸ್. ಮೋಹನ ಕುಮಾರ್, ಅದನ್ನು ಜಗತ್ತಿಗೆ ತಿಳಿಸಿದವರಲ್ಲಿ ಮುಂದಿದ್ದವರು ಪತ್ರಕರ್ತ ಶ್ರೀಪಡ್ರೆ. ಅಲ್ಲಿಯೂ ಮೊದಲು ಬಂದ ಉತ್ತರ ‘ಪುರಾವೆ ಎಲ್ಲಿ’ ಎಂಬುದೇ. 2011ರಲ್ಲಿ ಸುಪ್ರೀಂ ಕೋರ್ಟ್ ಆ ಔಷಧವನ್ನು ತಡೆಹಿಡಿಯಿತು. 2017ರಲ್ಲಿ ಸಂತ್ರಸ್ತರಿಗೆ ಐದೈದು ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಿರೆಂದಿತು. ಐದು ವರ್ಷ ಕಳೆದ ಮೇಲೆ, 3,704 ಮಂದಿಯಲ್ಲಿ ಎಂಟು ಮಂದಿಗಷ್ಟೇ ಹಣ ತಲುಪಿದ್ದನ್ನು ಕಂಡು ಅದೇ ನ್ಯಾಯಾಲಯ ಕೇರಳ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಗೇರಿನ ಲಾಭ ವರ್ಷವರ್ಷವೂ ಲೆಕ್ಕಕ್ಕೆ ಸಿಕ್ಕಿತ್ತು; ನಷ್ಟದ ಲೆಕ್ಕ ಶುರುವಾಗಲು ಒಂದು ತಲೆಮಾರು ಬೇಕಾಯಿತು.

ಈ ಹೋಲಿಕೆಯನ್ನು ಕೊನೆಯವರೆಗೆ ಎಳೆಯಲಾಗದು. ನಮ್ಮ ಊರಿನವರು ತೋಟದ ಒಡೆಯರಾಗಿರಲಿಲ್ಲ, ಅವರಿಗೆ ಸಿಕ್ಕಿದ್ದು ಅಲ್ಪಸ್ವಲ್ಪ ಕೂಲಿ. ಇಲ್ಲಿ ಗಣಿಗಳ ನಡುವೆಯೇ ಇರುವ ಫೋರ್ಟ್ ಮೆಕೇ ಸಮುದಾಯದವರು ಗಣಿಗಳ ಗುತ್ತಿಗೆ ಹಿಡಿಯುವ ಸ್ವಂತ ಸಂಸ್ಥೆಗಳನ್ನು ಕಟ್ಟಿದ್ದಾರೆ. 2017ರಲ್ಲಿ ಅವರೂ ಮಿಕಿಸ್ಯೂ ಕ್ರೀ ಸಮುದಾಯದವರೂ ಸೇರಿ ಎಣ್ಣೆ ದಾಸ್ತಾನಿನ ಟ್ಯಾಂಕುಗಳ ಒಂದು ಘಟಕದಲ್ಲಿ 49 ಶೇಕಡಾ ಪಾಲನ್ನು ಸುಮಾರು 50 ಕೋಟಿ ಡಾಲರ್‌ಗೆ ಕೊಂಡರು. ನನ್ನೊಂದಿಗೆ ದುಡಿಯುವ ಕ್ರೀ ಗೆಳೆಯರೊಬ್ಬರು, ಅಜ್ಜ ಮೀನು ಹಿಡಿದ ಜಾಗದಲ್ಲಿ ತಾನು ಲಾರಿ ಓಡಿಸುತ್ತಿದ್ದೇನೆಂದು ಹೇಳುವಾಗ ಅವರ ದನಿಯಲ್ಲಿ ದುಃಖವಿದೆಯೋ ಹೆಮ್ಮೆಯಿದೆಯೋ ನನಗೆ ಇನ್ನೂ ತಿಳಿಯುವುದಿಲ್ಲ. ಗಣಿ ನಾಳೆಯೇ ಮುಚ್ಚಲಿ ಎಂದು ಅವರು ಹೇಳುವುದಿಲ್ಲ. ಹೊಳೆಯ ಮೀನನ್ನು ಮಕ್ಕಳಿಗೆ ತಿನ್ನಿಸುವುದೂ ಇಲ್ಲ.

ನನಗೆ ಇಲ್ಲಿಯ ಸರ್ಕಾರದ ಮೇಲೆ ಇರುವ ಆಕ್ಷೇಪ ಬೇರೆ. 1976ರಲ್ಲಿ ಪೀಟರ್ ಲಾಹೀಡ್ ಪ್ರಾಂತದ ಪ್ರೀಮಿಯರ್, ಎಂದರೆ ನಮ್ಮ ಮುಖ್ಯಮಂತ್ರಿಯಂತೆ, ಆಗಿದ್ದಾಗ, ಎಣ್ಣೆಯ ರಾಜಧನದ 30 ಶೇಕಡಾವನ್ನು ಮುಂದಿನವರಿಗಾಗಿ ಎತ್ತಿಡುವ ಹೆರಿಟೇಜ್ ನಿಧಿಯೊಂದನ್ನು ಸ್ಥಾಪಿಸಿದರು. ಬೆಲೆ ಇಳಿದ ಕಾಲದಲ್ಲಿ ಆ ಪಾಲನ್ನು ತಗ್ಗಿಸಿ 1987ರಲ್ಲಿ ನಿಲ್ಲಿಸಿಬಿಟ್ಟರು. ತಡವಾಗಿ, 1996ರಲ್ಲಿ ಹಣ ತುಂಬತೊಡಗಿದ ನಾರ್ವೆಯ ನಿಧಿ ಇಂದು ಒಂದು ಲಕ್ಷ ಕೋಟಿ ಅಮೆರಿಕನ್ ಡಾಲರ್ ಮೀರಿದೆ. ಆಲ್ಬರ್ಟಾದ್ದು ಅದರ ಪಕ್ಕದಲ್ಲಿ ಹೆಸರಿಗಷ್ಟೇ. ಗಣಿ ಮುಗಿದ ಮೇಲೆ ನೆಲವನ್ನು ಮೊದಲಿನಂತೆ ಮಾಡುವುದಕ್ಕೆ ಕಂಪನಿಗಳಿಂದ ಪಡೆದಿಟ್ಟ ಭದ್ರತೆ ತಗಲುವ ವೆಚ್ಚದ ಅಲ್ಪ ಭಾಗ ಮಾತ್ರ. ನೆಲ ಸರಿಪಡಿಸಿದ್ದಕ್ಕೆ ಸರ್ಕಾರ ಮೊತ್ತಮೊದಲ ಪ್ರಮಾಣಪತ್ರ ಕೊಟ್ಟದ್ದು 2008ರಲ್ಲಿ, ಗೇಟ್‌ವೇ ಹಿಲ್ ಎಂಬ 104 ಹೆಕ್ಟೇರ್ ಜಾಗಕ್ಕೆ. ಅಲ್ಲಿ ನಡೆದಾಡಿದ್ದೇನೆ, ಮರಗಳು ಚೆನ್ನಾಗಿ ಬೆಳೆದಿವೆ. ಆದರೆ ಅಗೆದ ಮತ್ತು ಕಡಿದ ನೆಲವನ್ನು ನೂರಾರು ಚದರ ಕಿಲೋಮೀಟರ್‌ಗಳಲ್ಲಿ ಎಣಿಸಬೇಕು.

ಮಗಳ ವಿಷಯಕ್ಕೆ ಬರುತ್ತೇನೆ. ಕರೆತನ್ನಿ. ಪೇಟೆಯ ನಲ್ಲಿ ನೀರನ್ನು ನಾನು ಹದಿನೆಂಟು ವರ್ಷ ಕುಡಿದಿದ್ದೇನೆ. ಅದು ಗಣಿಗಳಿಗಿಂತ ಮೇಲಿನ ಹರಿವಿನಿಂದ ಬಂದು ಶುದ್ಧೀಕರಣವಾಗುವ ನೀರು. ಗಾಳಿ ಉತ್ತರದಿಂದ ಬೀಸುವ ಕೆಲವು ದಿನ ಡಾಮರಿನ ವಾಸನೆಯೋ ಕೊಳೆತ ಮೊಟ್ಟೆಯ ವಾಸನೆಯೋ ಬರುತ್ತದೆ, ಮಕ್ಕಳು ಮೂಗು ಹಿಡಿದುಕೊಂಡು ನಗುತ್ತಾರೆ. ತಾಯಿಯವರಿಗೆ ಮಾತ್ರ ನೀವು ಇಷ್ಟನ್ನು ನೇರವಾಗಿ ಹೇಳಬೇಕು: ಈ ಬಾರಿ ನಾವಿರುವುದು ಗುಡ್ಡೆಯ ತಲೆಯಲ್ಲಿ, ಬುಡದಲ್ಲಿ ಬೇರೆ ಯಾರೋ ಇದ್ದಾರೆ. ನನ್ನ ತಾಯಿಗೆ ನಾನು ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಆ ಊರಿನವರ ಬಾವಿಗೆ ನೀರು ಎಲ್ಲಿಂದ ಎಂದು ಕೇಳಿದರು. ನಾನು ಗಣಿಯ ಕೆಲಸ ಬಿಡಲಿಲ್ಲ. ಸೋರಿಕೆಯ ವಿಚಾರಣೆ ನಡೆದಾಗಲೆಲ್ಲ ಅಲ್ಲಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಅದರಿಂದ ಏನಾಯಿತೆಂದು ಕೇಳಿದರೆ ಹೇಳಲು ನನ್ನಲ್ಲಿ ಏನೂ ಇಲ್ಲ.

ಬರುವುದೇ ಆದರೆ ಎರಡು ವ್ಯಾವಹಾರಿಕ ಮಾತು. ನದಿಯ ಬದಿಯ ತಗ್ಗಿನಲ್ಲಿ ಮನೆ ಹಿಡಿಯಬೇಡಿ. 2020ರ ಏಪ್ರಿಲ್‌ನಲ್ಲಿ ಹಿಮಗಡ್ಡೆಗಳು ನದಿಗೆ ಅಡ್ಡಗಟ್ಟಿ ಪೇಟೆಯ ನಡುಭಾಗವೇ ಮುಳುಗಿತ್ತು. ಎರಡನೆಯದಾಗಿ, ಕಾರಿನ ಟ್ಯಾಂಕನ್ನು ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡಿ. 2016ರ ಮೇ 3ರಂದು ಕಾಡುಬೆಂಕಿ ಊರೊಳಗೆ ನುಗ್ಗಿದಾಗ 80,000ಕ್ಕೂ ಹೆಚ್ಚು ಮಂದಿ ಒಂದೇ ಹೆದ್ದಾರಿಯಲ್ಲಿ ಹೊರಟೆವು. ಸುಮಾರು 2,400 ಕಟ್ಟಡಗಳು ಸುಟ್ಟುಹೋದವು. ಹೊಗೆಯಲ್ಲಿ ಗಂಟೆಗಟ್ಟಲೆ ತೆವಳುತ್ತಾ ಸಾಗುವಾಗ ರಸ್ತೆಯ ಎರಡೂ ಬದಿಯಲ್ಲಿ ಸಾಲಾಗಿ ನಿಂತುಹೋದ ಕಾರುಗಳನ್ನು ಕಂಡೆ. ಯಾವುದೂ ಕೆಟ್ಟು ನಿಂತದ್ದಲ್ಲ, ಪೆಟ್ರೋಲ್ ಮುಗಿದಿತ್ತು.