ಕಹಳೆ ಮೊಳಗುವುದು ರೋಮಿಗಾಗಿ

ಓದುಗರ ಪತ್ರ: "ಹಳೆಯ ಹಾಲಿವುಡ್ ಪುರಾಣಚಿತ್ರಗಳ ಬಗ್ಗೆ ಬರೆಯುತ್ತ ಕಳೆದ ಸಂಚಿಕೆಯಲ್ಲಿ 'ಬೆನ್-ಹರ್' ಸಂಗೀತವನ್ನು ಬಹಳ ಹೊಗಳಿದ್ದೀರಿ. ನನಗೆ ಕೇಳಿಸಿದ್ದು ಕಹಳೆ, ನಗಾರಿಗಳ ಗದ್ದಲ ಮಾತ್ರ. ಭಕ್ತಿಗೆ ಒಂದು ತಂಬೂರಿ ಸಾಕಲ್ಲವೇ? ಇಲ್ಲ, ಕೇಳಲೇಬೇಕು ಎನ್ನುವುದಾದರೆ ಎಲ್ಲಿಂದ ಶುರು ಮಾಡಲಿ?" — ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ:

ಮಾನ್ಯರೇ,

ಭಕ್ತಿಗೆ ತಂಬೂರಿ ಸಾಕು ಎಂಬ ನಿಮ್ಮ ಮಾತನ್ನು ನಾನೂ ಒಪ್ಪುತ್ತೇನೆ. 'ಬೆನ್-ಹರ್'ಗೆ ಸಂಗೀತ ಕೊಟ್ಟ ಮಿಕ್ಲೋಶ್ ರೋಝಾ ಕೂಡ ಒಪ್ಪುತ್ತಿದ್ದರು ಎಂದೇ ನನ್ನ ನಂಬಿಕೆ. ಕ್ರಿಸ್ತನ ಕಾಲದಲ್ಲಿ ರೋಮನ್ನರ ಗುಲಾಮನಾದ ಜೂಡಾ ಬೆನ್-ಹರ್‌ನ ಕಥೆ ಹೇಳುವ ಆ ಚಿತ್ರದಲ್ಲಿ ಕಹಳೆ ಯಾರಿಗಾಗಿ ಮೊಳಗುತ್ತದೆ ಎಂಬುದನ್ನು ಇನ್ನೊಮ್ಮೆ ಗಮನಿಸಿ. ದಂಡು ಊರೊಳಗೆ ಬರುವಾಗ, ಸೇನಾಪತಿಯ ವಿಜಯದ ಮೆರವಣಿಗೆ ಹೊರಟಾಗ, ಪಂದ್ಯಕ್ಕೆ ಮುಂಚೆ ರಥಗಳು ಅಖಾಡ ಸುತ್ತುವಾಗ ಅದು ಮೊಳಗುತ್ತದೆ. ಅದು ಅಧಿಕಾರದ ದನಿ. ಕ್ರಿಸ್ತನ ಪಾಲಿಗೆ ರೋಝಾ ಇಟ್ಟದ್ದು ಬೇರೆಯೇ ನಾದ: ತಾರಸ್ಥಾಯಿಯಲ್ಲಿ ತೆಳ್ಳಗೆ ನಿಂತ ಪಿಟೀಲುಗಳು, ಜೊತೆಗೆ ಆರ್ಗನ್.

ಬಾವಿಯ ಬಳಿಯ ದೃಶ್ಯವನ್ನೇ ನೋಡಿ. ಸಂಕೋಲೆ ತೊಟ್ಟ ಗುಲಾಮರನ್ನು ಮರುಭೂಮಿಯಲ್ಲಿ ನಡೆಸಿಕೊಂಡು ನಜರೇತಿಗೆ ತರುತ್ತಾರೆ. ಎಲ್ಲರಿಗೂ ನೀರು ಸಿಗುತ್ತದೆ, ಜೂಡಾನಿಗೆ ಮಾತ್ರ ಕೊಡಕೂಡದೆಂದು ಅಪ್ಪಣೆ. ಅವನು ಕುಸಿದು ಬಿದ್ದು ದೇವರನ್ನು ಕೂಗುತ್ತಾನೆ. ಒಂದು ಕೈ ಬಂದು ತಲೆಗೆ ನೀರು ಹಾಕುತ್ತದೆ, ಕುಡಿಸುತ್ತದೆ. ಗದರಿಸಲು ಬಂದ ರೋಮನ್ ಅಧಿಕಾರಿ ಎದುರಿನ ಮುಖ ನೋಡಿದವನೇ ತಡವರಿಸಿ ಹಿಂಜರಿಯುತ್ತಾನೆ. ಆ ಮುಖ ನಮಗೆ ಕಾಣುವುದೇ ಇಲ್ಲ. ನಿರ್ದೇಶಕ ವಿಲಿಯಂ ವೈಲರ್ ಇಡೀ ಚಿತ್ರದಲ್ಲಿ ಕ್ರಿಸ್ತನ ಮುಖ ತೋರಿಸಲಿಲ್ಲ, ದನಿ ಕೇಳಿಸಲಿಲ್ಲ. ಎಂದರೆ ಅಧಿಕಾರಿ ಕಂಡದ್ದೇನು ಎಂದು ನಮಗೆ ತಿಳಿಸುವ ಹೊಣೆಯೆಲ್ಲ ಸಂಗೀತದ ಮೇಲೆ ಬಿತ್ತು. ಅಂಥ ಕಡೆ ಅಬ್ಬರಿಸುವುದು ಸುಲಭವಿತ್ತು. ರೋಝಾ ಅಬ್ಬರಿಸಲಿಲ್ಲ. ಮುಂದೆ ಶಿಲುಬೆ ಹೊತ್ತು ಬಿದ್ದವನಿಗೆ ಜೂಡಾ ನೀರು ಹಿಡಿದಾಗ ಅದೇ ರಾಗ ಮರಳುತ್ತದೆ, ಅವನಿಗೆ ಗುರುತು ಹತ್ತುತ್ತದೆ. ಮಾತಿನ ಅಗತ್ಯವೇ ಬೀಳುವುದಿಲ್ಲ. ಇಡೀ ಮೇಳ ಗಾಯನವೃಂದದೊಡನೆ ಕ್ರಿಸ್ತನ ರಾಗವನ್ನು ತುಂಬು ಕಂಠದಲ್ಲಿ ಎತ್ತಿಕೊಳ್ಳಬೇಕಾದರೆ ಮೂರೂವರೆ ಗಂಟೆಯ ಚಿತ್ರ ಕೊನೆ ಮುಟ್ಟಬೇಕು. ನನಗೆ ಇದು ಭಕ್ತಿಯಾಗಿಯೇ ಕೇಳಿಸುತ್ತದೆ.

ರೋಝಾ ಹುಟ್ಟಿದ್ದು 1907ರಲ್ಲಿ, ಬುಡಾಪೆಸ್ಟ್‌ನಲ್ಲಿ; ಕಲಿತದ್ದು ಲೈಪ್‌ಜಿಗ್‌ನಲ್ಲಿ. 1951ರ 'ಕ್ವೋ ವಾಡಿಸ್' ಚಿತ್ರಕ್ಕಾಗಿ ಅವರು ಪ್ರಾಚೀನ ಸಂಗೀತದ ಅಧ್ಯಯನಕ್ಕೇ ಕುಳಿತರು. ರೋಮನ್ನರ ಸಂಗೀತ ಬರಹದಲ್ಲಿ ಉಳಿದಿಲ್ಲವೆಂದೇ ಹೇಳಬೇಕು. ಹಾಗಾಗಿ ಗ್ರೀಕರ ಕಡೆ ತಿರುಗಿ, ಸಮಾಧಿಗಲ್ಲೊಂದರ ಮೇಲೆ ಸ್ವರಸಮೇತ ಕೆತ್ತಿದ್ದ ಸೈಕಿಲೋಸ್ ಗೀತೆಯನ್ನು ಆಧರಿಸಿ ರೋಮ್ ಚಕ್ರವರ್ತಿ ನೀರೋ ಹಾಡುವ ಹಾಡು ಕಟ್ಟಿದರು. ಪ್ರಾಚೀನ ವಾದ್ಯಗಳ ಪ್ರತಿರೂಪ ಮಾಡಿಸಿದರು. ಅವರ ರೋಮನ್ ನಡೆಗೀತೆಗಳು ಹುಟ್ಟಿದ್ದು ಈ ದುಡಿಮೆಯಿಂದ. ಅವುಗಳಲ್ಲಿ ಕಹಳೆಗಳು ಷಡ್ಜ-ಪಂಚಮದ ಅಂತರ ಕಾಯ್ದುಕೊಂಡು ಜೋಡಿಯಾಗಿ ಹೆಜ್ಜೆ ಹಾಕುತ್ತವೆ. ನಿಮ್ಮ ತಂಬೂರಿಯಲ್ಲಿರುವುದೂ ಅದೇ ಅಂತರ! ಅಲ್ಲಿ ಅದು ನಿಂತ ನೀರು, ಇಲ್ಲಿ ದಂಡು.

ಹುಟ್ಟು ಹಾಕುವ ಗುಲಾಮರ ದೃಶ್ಯದಲ್ಲೂ ಗದ್ದಲವಿದೆ, ನಿಜ. ಹಡಗಿನ ಅಡಿಯಲ್ಲಿ ಒಬ್ಬ ಕೊಡತಿ ಬಡಿಯುತ್ತಾನೆ, ಸೇನಾಪತಿ ವೇಗ ಹೆಚ್ಚಿಸಿ ಎನ್ನುತ್ತಾನೆ, ಮತ್ತೆ ಹೆಚ್ಚಿಸಿ ಎನ್ನುತ್ತಾನೆ. ಮೇಳದ ತಾಳ ಆ ಪೆಟ್ಟಿಗೇ ಕಟ್ಟಿಕೊಂಡು ಏರುತ್ತದೆ. ಇಲ್ಲಿ ಸಂಗೀತವೇ ಚಾವಟಿ. ಆದರೆ ಚಿತ್ರದ ಅತಿ ಪ್ರಸಿದ್ಧ ಭಾಗವಾದ ರಥದ ಪಂದ್ಯದಲ್ಲಿ, ಸುಮಾರು ಒಂಬತ್ತು ನಿಮಿಷ, ಒಂದು ಸ್ವರವೂ ಇಲ್ಲ. ಗಾಲಿ, ಗೊರಸು, ಜನರ ಕೂಗು, ಅಷ್ಟೆ. ಗದ್ದಲದ ಮೋಹವಿದ್ದ ಸಂಗೀತಗಾರ ಆ ಒಂಬತ್ತು ನಿಮಿಷವನ್ನು ಬಿಟ್ಟುಕೊಡುತ್ತಿರಲಿಲ್ಲ.

ನಿಮ್ಮ ದೂರು ಕೆಲವು ಚಿತ್ರಗಳಿಗೆ ನ್ಯಾಯವಾಗಿಯೇ ಸಲ್ಲುತ್ತದೆ. 1965ರ 'ದಿ ಗ್ರೇಟೆಸ್ಟ್ ಸ್ಟೋರಿ ಎವರ್ ಟೋಲ್ಡ್'ನಲ್ಲಿ ಸತ್ತ ಲಾಜರಸ್ ಎದ್ದು ಬರುವಾಗ ಮೊಳಗುವುದು ಹದಿನೆಂಟನೆಯ ಶತಮಾನದ ಸಂಗೀತಗಾರ ಹ್ಯಾಂಡೆಲ್‌ನ 'ಹಲ್ಲೆಲೂಯಾ' ವೃಂದಗಾನ. ಆಲ್ಫ್ರೆಡ್ ನ್ಯೂಮನ್ ಆ ಜಾಗಕ್ಕೆಂದೇ ಬರೆದುಕೊಟ್ಟಿದ್ದ ಸಂಗೀತವನ್ನು ಅವರ ಮನಸ್ಸಿಗೆ ವಿರುದ್ಧವಾಗಿ ತೆಗೆದುಹಾಕಲಾಯಿತು. ಹ್ಯಾಂಡೆಲ್ ದೊಡ್ಡವನೇ. ಆದರೆ ಆ ಗಾಯನ ಕಿವಿಗೆ ಬಿದ್ದೊಡನೆ ಮನಸ್ಸು ಬೆಥಾನಿಯಲ್ಲಿ ಲಾಜರಸ್‌ನನ್ನಿಟ್ಟ ಗವಿಯನ್ನು ಬಿಟ್ಟು ಕಛೇರಿಯ ಸಭಾಂಗಣಕ್ಕೆ ಹೋಗಿಬಿಡುತ್ತದೆ. ಇಂಥದೇ ಒತ್ತಡ ರೋಝಾ ಮೇಲೂ ಬಂದಿತ್ತು. ಕ್ರಿಸ್ತನ ಜನನದ ದೃಶ್ಯಕ್ಕೆ 'ಅದೆಸ್ತೆ ಫಿದೇಲೆಸ್' ಎಂಬ ಹೆಸರಾಂತ ಕ್ರಿಸ್ಮಸ್ ಗೀತೆಯನ್ನೇ ಬಳಸೋಣ ಎಂದು ವೈಲರ್ ಹೇಳಿದ್ದನ್ನು ರೋಝಾ ಅವರೇ ನೆನಪಿಸಿಕೊಂಡಿದ್ದಾರೆ. ಅವರು ಒಪ್ಪದೆ ತಮ್ಮದೇ ಸರಳ ರಾಗ ಬರೆದರು. ಎಲ್ಲರಿಗೂ ಗೊತ್ತಿರುವ ಭಕ್ತಿಗೀತೆಯನ್ನು ತಂದಿಟ್ಟರೆ ಕೈಮುಗಿಸುವುದು ಸುಲಭ. ಕಥೆಯೊಳಗಿನಿಂದಲೇ ಆ ಭಾವ ಹುಟ್ಟಿಸುವುದು ಕಷ್ಟ. ಕಷ್ಟದ ದಾರಿ ಹಿಡಿದವರನ್ನು ನಾನು ಮೆಚ್ಚುತ್ತೇನೆ.

ನ್ಯೂಮನ್ ಹೆಸರು ಬಂದದ್ದರಿಂದ ಇನ್ನೊಂದು ಮಾತು. 1953ರ 'ದಿ ರೋಬ್'ಗೆ ಅವರು ಕೊಟ್ಟ ಸಂಗೀತ ಆಸ್ಕರ್ ನಾಮನಿರ್ದೇಶನಕ್ಕೂ ಬರಲಿಲ್ಲ. ಇದನ್ನು ಪ್ರತಿಭಟಿಸಿ ಇನ್ನೊಬ್ಬ ಸಂಗೀತಗಾರ ಫ್ರಾಂಟ್ಸ್ ವಾಕ್ಸ್‌ಮನ್ ಆ ಪ್ರಶಸ್ತಿ ಕೊಡುವ ಅಕಾಡೆಮಿಗೆ ರಾಜೀನಾಮೆ ಕೊಟ್ಟರು. ಸಹೋದ್ಯೋಗಿಯ ಕೆಲಸಕ್ಕೆ ಇಷ್ಟು ಮರ್ಯಾದೆ ತೋರಿದವರು ಎಷ್ಟು ಜನ ಸಿಕ್ಕಾರು?

ಇನ್ನು ಎಲ್ಲಿಂದ ಶುರು ಮಾಡುವುದು. ಆರಂಭದ ವಾದ್ಯಗೋಷ್ಠಿಯಿಂದ ಬೇಡ, ರಥಗಳ ಮೆರವಣಿಗೆಯಿಂದ ಖಂಡಿತ ಬೇಡ. ಮೊದಲು ಬಾವಿಯ ದೃಶ್ಯವನ್ನು ಚಿತ್ರದೊಡನೆ ನೋಡಿ, ಆಮೇಲೆ ಕಣ್ಣು ಮುಚ್ಚಿ ಅದೇ ಭಾಗ ಕೇಳಿ. ನಂತರ ಹುಟ್ಟು ಹಾಕುವ ದೃಶ್ಯ. ಅದಾದ ಮೇಲೆ ರೋಝಾ ಅವರದೇ 'ಕಿಂಗ್ ಆಫ್ ಕಿಂಗ್ಸ್' (1961). ಧ್ವನಿಮುದ್ರಣ ಕೊಳ್ಳುವಾಗ ಎಚ್ಚರವಿರಲಿ: 'ಬೆನ್-ಹರ್' ಬಿಡುಗಡೆಯಾದಾಗ ಬಂದ ಎಲ್‌ಪಿಯಲ್ಲಿರುವುದು ಚಿತ್ರದಲ್ಲಿ ನುಡಿದ ಮೇಳವಲ್ಲ, ಕಾರ್ಲೋ ಸವಿನಾ ನಿರ್ದೇಶನದಲ್ಲಿ ರೋಮಿನಲ್ಲಿ ಮತ್ತೆ ನುಡಿಸಿದ್ದು. ಚಿತ್ರದ ಮೂಲ ಧ್ವನಿಮುದ್ರಣ 2012ರಲ್ಲಿ ಐದು ಸಿಡಿಗಳ ಕಟ್ಟಾಗಿ ಹೊರಬಂದಿದೆ. ಸಿಕ್ಕರೆ ಅದನ್ನೇ ಹಿಡಿಯಿರಿ.