ಶುಲ್ಕ ಏರಿಸಿದ ಮೇಲೆ ನವೀಕರಣ ಕುಸಿದರೆ

ನಿಮ್ಮ ಪಕ್ಷದ ಸದಸ್ಯತ್ವ ಶುಲ್ಕಕ್ಕೆ ಎಲ್ಲರಿಗೂ ಒಂದೇ ದರ ಇಟ್ಟಿದ್ದೇ ಬಹುಶಃ ಪೆಟ್ಟು ಕೊಟ್ಟಿದೆ. ಶುಲ್ಕ 20 ರೂಪಾಯಿಯಿಂದ 100ಕ್ಕೆ ಏರಿದ ಮೇಲೆ 4,000 ಸದಸ್ಯರಲ್ಲಿ 900 ಮಂದಿ ಮಾತ್ರ ನವೀಕರಿಸಿದರು, ಕಚೇರಿ ಬಾಡಿಗೆ ಬಾಕಿ ಎಂದಿದ್ದೀರಿ. ಮೊದಲು 80,000 ಬರುತ್ತಿತ್ತು, ಈಗ 90,000. ಹತ್ತು ಸಾವಿರಕ್ಕೆ 3,100 ಜನ ಹೋದರು. ಚುನಾವಣೆ ದಿನ ಬೂತ್‌ನಲ್ಲಿ ಕೂರಬೇಕಾದವರು ಅವರೇ.

ಮೊದಲು ಪಕ್ಷದ ಬೈಲಾ ತೆಗೆದು, ಶುಲ್ಕ ಬದಲಿಸುವ ಅಧಿಕಾರ ಯಾರಿಗಿದೆ ನೋಡಿ. ಕಾರ್ಯಕಾರಿಣಿಗೆ ಇಲ್ಲದಿದ್ದರೆ ಮಹಾಸಭೆ ಕರೆಯಲೇಬೇಕು. ಅಲ್ಲಿ ಮೂಲ ಶುಲ್ಕವನ್ನು 20ಕ್ಕೇ ಇಳಿಸಿ, ಸಂಬಳದಾರರಿಂದಲೂ ಚುನಾಯಿತ ಸದಸ್ಯರಿಂದಲೂ ಆದಾಯಕ್ಕೆ ತಕ್ಕ ಮಾಸಿಕ ವಂತಿಗೆ ಗೊತ್ತುಮಾಡಿ. ಎಡಪಕ್ಷಗಳಲ್ಲಿ ‘ಲೆವಿ’ ಎಂಬ ವಂತಿಗೆ ನಡೆಯುವುದು ಹೀಗೆಯೇ. ವಸೂಲಾದದ್ದರಲ್ಲಿ ಒಂದು ಪಾಲು ತಾಲ್ಲೂಕು ಘಟಕದಲ್ಲೇ ಉಳಿಯಲಿ, ಇಲ್ಲದಿದ್ದರೆ ರಸೀದಿ ಪುಸ್ತಕ ಹಿಡಿದು ಮನೆಮನೆ ಸುತ್ತುವವರಿಗೆ ಹುರುಪು ಬರುವುದಿಲ್ಲ. ಬಿಟ್ಟುಹೋದವರಿಂದ ಹಳೆಯ ಬಾಕಿ ಕೇಳಬೇಡಿ, ಅದೇ ಸದಸ್ಯತ್ವ ಸಂಖ್ಯೆ ಕೊಟ್ಟು ಕರೆತನ್ನಿ.

ಬಾಡಿಗೆಗೆಂದು ದೇಣಿಗೆ ಎತ್ತುವಾಗ ಎಚ್ಚರ. 2,000 ರೂಪಾಯಿ ಮೀರಿದ ದೇಣಿಗೆಯನ್ನು ನಗದಾಗಿ ಪಡೆದರೆ ಪಕ್ಷದ ತೆರಿಗೆ ವಿನಾಯಿತಿಯೇ ಕೈತಪ್ಪಬಹುದು. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಕೇಳಿ. ಒಬ್ಬರಿಂದ ವರ್ಷಕ್ಕೆ 20,000 ಮೀರಿ ಬಂದರೆ ಹೆಸರು, ವಿಳಾಸ ಸಮೇತ ನಮೂನೆ 24ಎಯಲ್ಲಿ ಚುನಾವಣಾ ಆಯೋಗಕ್ಕೆ ವರದಿ ಹೋಗಬೇಕು, ಅದೂ ಆದಾಯ ತೆರಿಗೆ ರಿಟರ್ನ್ ಗಡುವಿನೊಳಗೆ.