ಮಗಳ ಕ್ರಿಯೇಟಿವಿಟಿ ಬೆಳೆಸೋಕೆ ಕ್ಲಾಸಿಗೆ ಸೇರಿಸಲಾ?

8 ವರ್ಷದ ಮಗಳು ಕಥೆ ಕಟ್ಟಿ ಹೇಳುತ್ತಾಳೆ, ಆದರೆ ಅರ್ಧಕ್ಕೇ ನಿಲ್ಲಿಸುತ್ತಾಳೆ, ಕ್ಲಾಸಿಗೆ ಹಾಕಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಹುಟ್ಟುಗುಣ ಎಷ್ಟು, ಕಲಿತದ್ದೆಷ್ಟು ಅನ್ನೋ ಜಗಳ ನನಗೆ ಬೇಡ. ನನಗಾದದ್ದು ಹೇಳುತ್ತೇನೆ.

ನಮ್ಮದು ಸಾಗರದ ಕಡೆ. ಮಳೆಗಾಲ ಬಂತೆಂದರೆ ತಾಳಮದ್ದಲೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಕೂತಲ್ಲೇ ಅರ್ಥ ಹೇಳುತ್ತಾನೆ. ಪದ್ಯವೇನೋ ಪುಸ್ತಕದಲ್ಲಿದೆ, ಮಾತನ್ನು ಮಾತ್ರ ಅಲ್ಲೇ ಕಟ್ಟಬೇಕು. ಹತ್ತೊಂಬತ್ತನೇ ವಯಸ್ಸಿಗೆ, ಸಂಧಾನಕ್ಕೆ ಬಂದ ಕೃಷ್ಣ ವಿದುರನ ಮನೆಗೆ ಹೋಗುವ ಕೃಷ್ಣಸಂಧಾನ ಪ್ರಸಂಗದಲ್ಲಿ ನನ್ನನ್ನು ವಿದುರ ಮಾಡಿ ಕೂರಿಸಿದರು. ನಾಲ್ಕು ಪುಟ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ (ಅದೇ ತಪ್ಪು), ಎರಡನೇ ಪದ್ಯಕ್ಕೆ ಎಲ್ಲಾ ಮರೆತುಹೋಯಿತು. ಹೆಂಚಿನ ಮೇಲೆ ಮಳೆ ಸದ್ದು ಬಿಟ್ಟರೆ ಏನಿಲ್ಲ. ಮದ್ದಲೆಯವರು ಸುಮ್ನೆ ಮದ್ದಲೆ ತಟ್ಟಿ ಶ್ರುತಿ ನೋಡಿಕೊಂಡರು.

ಕೃಷ್ಣನಾಗಿದ್ದ ಹಿರಿಯರು ನನ್ನ ಮುಖ ನೋಡಿ, 'ಏನು ವಿದುರ, ಹಸಿದು ಬಂದವನ ಮುಂದೆ ಮಾತಿಗೂ ಬರವೇ? ಕೊಟ್ಟಿಗೆಯಲ್ಲಿ ಹಸುವಿಲ್ಲವೇ?' ಅಂದರು.

ನಮ್ಮನೆ ಹಸು ನೆನಪಾಯಿತು. 'ಇದೆ ಸ್ವಾಮಿ, ಬತ್ತುತ್ತಾ ಬಂದಿದೆ, ಕೊಡುವುದು ಒಂದು ಕುಡಿತೆ ಹಾಲು, ಅದೂ ನನ್ನವಳ ಕೈಗೆ ಮಾತ್ರ' ಅಂದೆ. ಜನ ನಕ್ಕರು. ಆಮೇಲೆ ಮಾತು ನಿಲ್ಲಲಿಲ್ಲ.

ಆ ಮಾತು ಆಕಾಶದಿಂದ ಬಿದ್ದದ್ದಲ್ಲ. ಚಿಕ್ಕಂದಿನಿಂದ ಕಂಬಳಿ ಹೊದ್ದು ಅರೆನಿದ್ದೆಯಲ್ಲಿ ಕೇಳಿದ್ದು ಒಳಗಿತ್ತು, ವಿದುರನ ಮನೆಯ ಕುಡಿತೆ ಹಾಲಿನ ಕಥೆ ಗೊತ್ತಿತ್ತು, ಹಸುವಂತೂ ಮನೆಯಲ್ಲೇ ಇತ್ತು. ಸರಕಿಲ್ಲದೆ ಹೊಸದೇನೂ ಹುಟ್ಟುವುದಿಲ್ಲ. ಆದರೆ ಆವತ್ತು ಆ ಹಿರಿಯರು ನಾನು ತಡವರಿಸಿದ್ದನ್ನು ತಪ್ಪು ಅಂತ ಎಣಿಸದೆ ಕಥೆಯೊಳಗೇ ಸೇರಿಸಿಕೊಂಡರಲ್ಲ, ಅಂಥವರು ಎದುರಿಗೆ ಇಲ್ಲದಿದ್ದರೆ ಆ ಸರಕು ಇದ್ದೂ ಏನು ಮಾಡುತ್ತಿತ್ತು? ಹೆಗ್ಗೋಡಲ್ಲಿ 1949ರಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಂ ನನಗೆ ದೊಡ್ಡದಾಗಿ ಕಾಣುವುದೂ ಇದಕ್ಕೇ, ಅದು ನಾಟಕ ಕಟ್ಟಿದಷ್ಟೇ ಶ್ರದ್ಧೆಯಿಂದ ನೋಡುವವರನ್ನೂ ಬೆಳೆಸಿತು.

ಬಹುಮಾನದ ಬಗ್ಗೆ ಮಾತ್ರ ಹುಷಾರು. 1973ರಲ್ಲಿ ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ಲೆಪ್ಪರ್ ಮತ್ತು ಜೊತೆಗಾರರು ಚಿತ್ರ ಬರೆಯುವುದೆಂದರೆ ಇಷ್ಟವಿದ್ದ ಪುಟ್ಟ ಮಕ್ಕಳನ್ನು ನೋಡಿದರು. ಬರೆದರೆ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿಸಿಕೊಂಡ ಮಕ್ಕಳು ಆಮೇಲೆ ತಾವಾಗಿ ಬರೆಯುವುದನ್ನು ಕಡಿಮೆ ಮಾಡಿದರು. ಮೊದಲು ಹೇಳಿಸಿಕೊಳ್ಳದೆ ಕೊನೆಗೆ ಸರ್ಟಿಫಿಕೇಟ್ ಸಿಕ್ಕ ಮಕ್ಕಳಿಗೆ ಹಾಗಾಗಲಿಲ್ಲ. ನಮ್ಮ ಅಣ್ಣನ ಮಗನೂ ಅಷ್ಟೇ, ಸ್ಪರ್ಧೆಗೆ ಅಂತ ವರ್ಷವಿಡೀ ಒಂದೇ ಸೂರ್ಯೋದಯ ಬರೆದ, ಎರಡು ಗುಡ್ಡ, ಒಂದು ತೆಂಗಿನಮರ. ಮಲೆನಾಡಲ್ಲಿದ್ದುಕೊಂಡು ತೆಂಗಿನಮರ!

ಕ್ಲಾಸಿಗೆ ಹಾಕುವುದು ಬಿಡುವುದು ನಿಮ್ಮಿಷ್ಟ. ಈ ಸಲ ಅವಳ ಕಥೆ ನಿಂತಾಗ 'ಮುಂದೇನಾಯ್ತು ಹೇಳು' ಅಂತ ಒತ್ತಾಯ ಮಾಡಬೇಡಿ. ಆ ಕಥೆಯಲ್ಲಿರುವ ನರಿಯೋ ಅಜ್ಜಿಯೋ ನೀವೇ ಆಗಿ, ಅವಳನ್ನೇ ಏನಾದರೂ ಕೇಳಿ.